ಲೆಕ್ಕದ ಕಡತಗಳಲ್ಲಿ ಹೆಸರು ಹುಡುಕುವ ಬಗೆ: ‘ಗ್ರೆಪ್’ ಆಜ್ಞೆ ಮತ್ತು ಐದು ಊರುಗಳ ವಿಳಾಸ

ಹರಪನಹಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ಒಂದೇ ಬೀದಿಯಲ್ಲಿ, ಒಂದೇ ಮಳಿಗೆಯಲ್ಲಿ ವ್ಯಾಪಾರ ನಡೆಸಿಕೊಂಡು ಬಂದಿರುವ ಅಂಗಡಿಯೊಂದರ ವಿಳಾಸವು ಆ ಅವಧಿಯಲ್ಲಿ ಮೂರು ಸಲ ಬದಲಾಗಿದೆ. 1997ರ ಆಗಸ್ಟ್‌ವರೆಗೆ ಅದು ಬಳ್ಳಾರಿ ಜಿಲ್ಲೆ. ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕೊಟ್ಟೂರಿನ ವರ್ತಕರ ಹಳೆಯ ಬಿಲ್ಲುಗಳಲ್ಲಿ ‘ಕೂಡ್ಲಿಗಿ ತಾಲ್ಲೂಕು’ ಎಂದಿದ್ದರೆ, ಕೊಟ್ಟೂರು ತಾನೇ ತಾಲ್ಲೂಕು ಕೇಂದ್ರವಾದ ಮೇಲಿನ ಬಿಲ್ಲುಗಳಲ್ಲಿ ಅದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ 2014ರ ನವೆಂಬರ್ 1ರಿಂದ ಬಳ್ಳಾರಿಯ ಕಾಗುಣಿತವೂ ಹೊಸಪೇಟೆಯ ಕಾಗುಣಿತವೂ ಬೇರೆಯಾದವು. ಅಂಗಡಿಗಳು ಇದ್ದಲ್ಲಿಯೇ ಇವೆ. ಕಂಪ್ಯೂಟರಿನ ದೃಷ್ಟಿಯಲ್ಲಿ ಮಾತ್ರ ಅವು ಹತ್ತಾರು ಬೇರೆ ಬೇರೆ ಊರುಗಳಲ್ಲಿ ಚದುರಿಹೋಗಿವೆ.

ಇದರಿಂದ ಆಗುವ ನಷ್ಟ ಕಾಗದದ ಮೇಲಿನದಷ್ಟೇ ಅಲ್ಲ. ಮೆಕ್ಕೆಜೋಳ ಅಥವಾ ಶೇಂಗಾ ವ್ಯಾಪಾರದ ದಲಾಲಿ ಅಂಗಡಿಯೊಂದರಲ್ಲಿ ಹರಪನಹಳ್ಳಿಯ ಗಿರಾಕಿಗಳ ಬಾಕಿ ಪಟ್ಟಿಯನ್ನು ತೆಗೆಯಲು ಗುಮಾಸ್ತರು ‘ಹರಪನಹಳ್ಳಿ’ ಎಂದು ಹುಡುಕಿದರೆಂದು ಇಟ್ಟುಕೊಳ್ಳಬಹುದು. ನಲವತ್ತು ಹೆಸರು ಬಂದವು. ನಲವತ್ತು ಮಂದಿಗೂ ಪತ್ರ ಹೋಯಿತು. ನಲವತ್ತೊಂದನೆಯವರ ಬಿಲ್ಲಿನಲ್ಲಿ ‘ಹರ್ಪನಹಳ್ಳಿ’ ಎಂದು ಬರೆದಿದ್ದುದರಿಂದ ಅವರಿಗೆ ಪತ್ರ ಹೋಗಲಿಲ್ಲ. ಸಾಲದ ಮೇಲೆ ಕೊಟ್ಟ ಸರಕಿನ ಹಣವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಲು 1963ರ ಕಾಲಮಿತಿ ಕಾಯ್ದೆಯು ಸಾಮಾನ್ಯವಾಗಿ ಕೊಡುವ ಅವಧಿ ಮೂರು ವರ್ಷ. ಆ ಅವಧಿ ಮುಗಿಯುವುದಕ್ಕೆ ಮುಂಚೆ ಬಾಕಿದಾರರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಪಡೆದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಪತ್ರವೇ ಹೋಗದಿದ್ದರೆ ಒಪ್ಪಿಗೆಯೂ ಇಲ್ಲ. ಒಂದು ಒತ್ತಕ್ಷರದ ವ್ಯತ್ಯಾಸದಿಂದ ಬಾಕಿಯು ಕಾಲಬಾಧಿತವಾಗುವ ಸಾಧ್ಯತೆ ಹೀಗೆ ಹುಟ್ಟುತ್ತದೆ. ಗುಮಾಸ್ತರು ತಪ್ಪು ಮಾಡಿದರೆನ್ನಲಾಗದು. ಕೇಳಿದ್ದನ್ನು ಕಂಪ್ಯೂಟರ್ ಹುಡುಕಿಕೊಟ್ಟಿತು. ಕೇಳಬೇಕಾದ ರೀತಿಯಲ್ಲಿ ಯಾರೂ ಕೇಳಿರಲಿಲ್ಲ.

ಹೀಗೆ ಕೇಳುವುದಕ್ಕೆಂದೇ ಇರುವ ಹಳೆಯ ಸಾಧನವೊಂದಿದೆ. ಅದರ ಹೆಸರು ಗ್ರೆಪ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದ ಕೆನ್ ಥಾಂಪ್ಸನ್ ಅವರು ಇದನ್ನು ರಚಿಸಿದರು. 1973ರ ಯುನಿಕ್ಸ್ ಕೈಪಿಡಿಯಲ್ಲಿ ಇದು ಸೇರಿತು. ಅಲ್ಲಿಯ ಸಹೋದ್ಯೋಗಿ ಲೀ ಮ್ಯಾಕ್‌ಮಹೋನ್ ಅವರು ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ಹದಿನೆಂಟನೆಯ ಶತಮಾನದಲ್ಲಿ ಬರೆಯಲಾದ 85 ಪ್ರಬಂಧಗಳಲ್ಲಿ ಯಾವುದು ಯಾರ ಕೈಬರಹವೆಂದು ಪತ್ತೆ ಮಾಡಲು ಹೊರಟಾಗ, ಅಷ್ಟು ದೊಡ್ಡ ಪಠ್ಯವು ಆಗಿನ ಸಂಪಾದಕ ತಂತ್ರಾಂಶದ ಸ್ಮೃತಿಯಲ್ಲಿ ಹಿಡಿಸದೆ ಹೋದದ್ದೇ ಇದರ ಹುಟ್ಟಿಗೆ ನಿಮಿತ್ತವಾಯಿತೆಂದು ಅವರ ಜೊತೆಗಾರರು ದಾಖಲಿಸಿದ್ದಾರೆ. ಕಡತವನ್ನು ಪೂರ್ತಿಯಾಗಿ ತೆರೆಯದೆ, ಒಂದೊಂದೇ ಸಾಲನ್ನು ಓದಿ, ಹೊಂದಿದ ಸಾಲನ್ನು ಮಾತ್ರ ತೋರಿಸುವುದು ಇದರ ಕೆಲಸ. ಹತ್ತು ಲಕ್ಷ ಸಾಲುಗಳ ಕಡತವನ್ನೂ ಸಾಮಾನ್ಯ ಕಂಪ್ಯೂಟರಿನಲ್ಲಿ ಕೆಲವೇ ಕ್ಷಣಗಳಲ್ಲಿ ಶೋಧಿಸುತ್ತದೆ. ಕಡತದ ಒಂದಕ್ಷರವನ್ನೂ ಅದು ತಿದ್ದುವುದಿಲ್ಲವೆಂಬುದು ಲೆಕ್ಕಪತ್ರಗಳ ಮಟ್ಟಿಗೆ ಬಹು ಮುಖ್ಯವಾದ ಮಾತು.

ಆಜ್ಞಾಸಾಲೆಂದರೆ ಮೌಸ್‌ನಿಂದ ಗುಂಡಿ ಒತ್ತುವ ಬದಲು ಆಜ್ಞೆಯನ್ನು ಟೈಪ್ ಮಾಡಿ ಕೊಡುವ ಕಿಟಕಿ. ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ಇದು ‘ಟರ್ಮಿನಲ್’ ಎಂಬ ಹೆಸರಿನಲ್ಲಿದೆ, ಗ್ರೆಪ್ ಕೂಡ ಅಲ್ಲಿಯೇ ಇರುತ್ತದೆ. ವಿಂಡೋಸ್‌ನಲ್ಲಿ ಲಿನಕ್ಸ್ ಉಪವ್ಯವಸ್ಥೆಯನ್ನು ಸೇರಿಸಿಕೊಂಡು ಅದನ್ನೇ ಬಳಸಬಹುದು, ಇಲ್ಲವೆ ಪವರ್‌ಶೆಲ್‌ನ ‘ಸೆಲೆಕ್ಟ್-ಸ್ಟ್ರಿಂಗ್’ ಎಂಬ ಆಜ್ಞೆಯಿಂದ ಇಂಥದೇ ಕೆಲಸ ಮಾಡಿಸಬಹುದು. ವಿಂಡೋಸ್‌ನ ಹಳೆಯ ‘ಫೈಂಡ್‌ಸ್ಟರ್’ ಆಜ್ಞೆ ಇಂಗ್ಲಿಷ್ ಕಡತಗಳಿಗೆ ಸಾಕು. ಕನ್ನಡಕ್ಕೆ ಅದನ್ನು ನಂಬದಿರುವುದು ಲೇಸು.

ಗಿರಾಕಿಗಳ ಹೆಸರು, ವಿಳಾಸ, ಬಾಕಿ ಮೊತ್ತಗಳನ್ನು ಸಾಲಿಗೊಬ್ಬರಂತೆ ಬರೆದ ‘ಗಿರಾಕಿಗಳು’ ಎಂಬ ಪಠ್ಯ ಕಡತವಿದ್ದರೆ, ಆಜ್ಞೆಯ ರೂಪ ಇಷ್ಟು:

ಗ್ರೆಪ್ 'ಹಡಗಲಿ' ಗಿರಾಕಿಗಳು

ಇಲ್ಲಿ ಗ್ರೆಪ್ ಎಂಬುದನ್ನು ಇಂಗ್ಲಿಷಿನ ಜಿ, ಆರ್, ಇ, ಪಿ ಎಂಬ ನಾಲ್ಕು ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಉದ್ಧರಣ ಚಿಹ್ನೆಗಳ ನಡುವಿನದು ಹುಡುಕಬೇಕಾದ ಮಾದರಿ. ಕೊನೆಯದು ಕಡತದ ಹೆಸರು. ಆಜ್ಞೆಯ ಹೆಸರಿನ ನಂತರ ಹೈಫನ್ ಹಾಕಿ ಎನ್ ಎಂಬ ಇಂಗ್ಲಿಷ್ ಅಕ್ಷರ ಸೇರಿಸಿದರೆ ಸಾಲಿನ ಸಂಖ್ಯೆಯೂ, ಸಿ ಸೇರಿಸಿದರೆ ಸಾಲುಗಳ ಬದಲು ಅವುಗಳ ಎಣಿಕೆ ಮಾತ್ರವೂ ಬರುತ್ತದೆ. ಆರ್ ಸೇರಿಸಿ ಕಡತಕೋಶದ ಹೆಸರು ಕೊಟ್ಟರೆ ಅದರೊಳಗಿನ ಎಲ್ಲ ವರ್ಷಗಳ ಕಡತಗಳಲ್ಲಿಯೂ ಒಮ್ಮೆಗೇ ಹುಡುಕುತ್ತದೆ. ಐ ಎಂಬುದು ಇಂಗ್ಲಿಷಿನ ದೊಡ್ಡ-ಸಣ್ಣ ಅಕ್ಷರಗಳ ಭೇದವನ್ನು ಬಿಡಿಸುತ್ತದೆ. ಕನ್ನಡಕ್ಕೆ ಆ ಭೇದವೇ ಇಲ್ಲದಿರುವುದರಿಂದ ಅದರ ಹಂಗಿಲ್ಲ.

ಹಡಗಲಿಯ ವಿಷಯದಲ್ಲಿ ಇಷ್ಟೇ ಸಾಕು. ‘ಹೂವಿನ ಹಡಗಲಿ’, ‘ಹೂವಿನಹಡಗಲಿ’, ‘ಹೂ.ಹಡಗಲಿ’, ಯಾವ ರೀತಿ ಬರೆದಿದ್ದರೂ ‘ಹಡಗಲಿ’ ಎಂಬ ಭಾಗ ಎಲ್ಲದರಲ್ಲಿಯೂ ಇದೆ. ಉಳಿದ ನಾಲ್ಕು ಊರುಗಳು ಇಷ್ಟು ಸುಲಭವಲ್ಲ, ಅಲ್ಲಿಯೇ ಮಾದರಿಗಳ ಉಪಯೋಗ ತಿಳಿಯುವುದು.

ಕನ್ನಡ ಅಕ್ಷರಗಳು ಕಂಪ್ಯೂಟರಿನೊಳಗೆ

ಯುನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ‘ಡ್ಲಿ’ ಎಂಬುದು ಒಂದು ಅಕ್ಷರವಲ್ಲ. ಡ, ಅರ್ಧಾಕ್ಷರದ ಚಿಹ್ನೆ, ಲ, ಇಕಾರದ ಗುಡಿಸು ಎಂದು ನಾಲ್ಕು ಸಂಕೇತಗಳಾಗಿ ಅದು ಕಡತದಲ್ಲಿ ಕುಳಿತಿರುತ್ತದೆ. ಕಣ್ಣಿಗೆ ಒಂದಾಗಿ ಕಾಣುವ ಒತ್ತಕ್ಷರವು ಗ್ರೆಪ್‌ಗೆ ನಾಲ್ಕು ಬಿಡಿ ಮಣಿಗಳ ಸರ. ಇಂಗ್ಲಿಷ್ ಕೈಪಿಡಿಗಳನ್ನು ಓದಿ ಕಲಿತವರು ಎಡವುವುದು ಇಲ್ಲಿಯೇ. ಆದರೆ ತಿಳಿದ ಮೇಲೆ ಇದು ತೊಡಕಲ್ಲ, ಅನುಕೂಲವೇ.

ಮಾದರಿಯಲ್ಲಿ ನಕ್ಷತ್ರ ಚಿಹ್ನೆಗೆ ‘ಹಿಂದಿನ ಒಂದು ಸಂಕೇತವು ಇರಬಹುದು, ಇಲ್ಲದಿರಬಹುದು, ಹಲವು ಸಲವೂ ಬರಬಹುದು’ ಎಂದರ್ಥ. ಆ ‘ಒಂದು ಸಂಕೇತ’ ಕನ್ನಡದಲ್ಲಿ ಗುಡಿಸು ಅಥವಾ ಅರ್ಧಾಕ್ಷರದ ಚಿಹ್ನೆ ಮಾತ್ರವೇ ಆಗಬಹುದು. ಆದ್ದರಿಂದ

ಗ್ರೆಪ್ 'ಕೂಡ್*ಲಿ*ಗಿ' ಗಿರಾಕಿಗಳು

ಎಂದರೆ ‘ಕೂಡ್ಲಿಗಿ’, ‘ಕೂಡಲಿಗಿ’, ‘ಕೂಡ್ಲಗಿ’, ‘ಕೂಡಲಗಿ’ ನಾಲ್ಕೂ ಸಿಗುತ್ತವೆ. ಹಾಗೆಯೇ 'ಹರ್*ಪನಹ' ಎಂಬ ಮಾದರಿಯು ‘ಹರಪನಹಳ್ಳಿ’ಯನ್ನೂ ‘ಹರ್ಪನಹಳ್ಳಿ’ಯನ್ನೂ ಹಿಡಿಯುತ್ತದೆ, ‘ಹ’ದಲ್ಲಿಯೇ ನಿಲ್ಲಿಸಿರುವುದರಿಂದ ಕೊನೆಯ ‘ಳ್ಳಿ’ಯನ್ನು ಯಾರಾದರೂ ‘ಲ್ಲಿ’ ಎಂದು ಬರೆದಿದ್ದರೂ ತಪ್ಪಿಹೋಗುವುದಿಲ್ಲ. ನಲವತ್ತೊಂದನೆಯ ಗಿರಾಕಿ ದೊರೆಯುವುದು ಹೀಗೆ.

ಸಡಿಲ ಹೆಚ್ಚಾದರೆ ಬೇರೆ ಬಗೆಯ ಕಷ್ಟ. ಚುಕ್ಕೆಯು ಯಾವುದೇ ಒಂದು ಸಂಕೇತಕ್ಕೆ ಹೊಂದುತ್ತದೆ. ಚುಕ್ಕೆ ಮತ್ತು ನಕ್ಷತ್ರ ಕೂಡಿದರೆ ಏನು ಬೇಕಾದರೂ, ಎಷ್ಟು ಬೇಕಾದರೂ ಬರಬಹುದು. ಶ್ರಮ ಉಳಿಸಲೆಂದು 'ಕೂಡ.*ಗಿ' ಎಂದು ಬರೆದರೆ ಕೂಡ್ಲಿಗಿಯ ಜೊತೆಗೆ ‘ಕೂಡಲೇ ಪಾವತಿಸುವುದಾಗಿ ತಿಳಿಸಿದ್ದಾರೆ’ ಎಂಬ ಷರಾ ಇರುವ ಸಾಲುಗಳೆಲ್ಲವೂ ಬಂದು ಬೀಳುತ್ತವೆ. ಬಾಕಿ ಪಟ್ಟಿಗಳಲ್ಲಿ ಅಂಥ ಷರಾಗಳಿಗೆ ಕೊರತೆಯಿರುವುದಿಲ್ಲ.

ಕೊಟ್ಟೂರಿನ ಸಮಸ್ಯೆ ವಿಭಕ್ತಿ ಪ್ರತ್ಯಯದ್ದು, ಮತ್ತು ದೇವರದ್ದು. ‘ಕೊಟ್ಟೂರು’ ಎಂದು ಹುಡುಕಿದರೆ ‘ಕೊಟ್ಟೂರಿನ’ ಎಂದಿರುವ ಸಾಲು ಸಿಗದು. ‘ಕೊಟ್ಟೂರ’ ಎಂದಷ್ಟೇ ಹುಡುಕಿದರೆ ಎರಡೂ ಸಿಗುತ್ತವೆ, ಆದರೆ ಕೊಟ್ಟೂರೇಶ್ವರನ ಹೆಸರಿಟ್ಟುಕೊಂಡ ಅಂಗಡಿಗಳೆಲ್ಲವೂ, ಅವು ಹರಪನಹಳ್ಳಿಯಲ್ಲಿರಲಿ ದಾವಣಗೆರೆಯಲ್ಲಿರಲಿ, ಪಟ್ಟಿಗೆ ಸೇರಿಬಿಡುತ್ತವೆ. ಚೌಕ ಕಂಸದ ಬಳಕೆ ಇಲ್ಲಿ ಬರುತ್ತದೆ. ಕಂಸದೊಳಗೆ ಬರೆದ ಸಂಕೇತಗಳಲ್ಲಿ ಯಾವುದಾದರೂ ಒಂದು ಆ ಸ್ಥಾನದಲ್ಲಿರಬೇಕೆಂಬುದು ಅದರ ಅರ್ಥ:

ಗ್ರೆಪ್ 'ಕೊಟ್ಟೂರ[ುಿ]' ಗಿರಾಕಿಗಳು

ಕಂಸದೊಳಗಿರುವುದು ಉಕಾರ ಮತ್ತು ಇಕಾರದ ಚಿಹ್ನೆಗಳು ಮಾತ್ರ. ಒಡಲಕ್ಷರವಿಲ್ಲದೆ ಬರೆದ ಚಿಹ್ನೆಗಳಾದುದರಿಂದ ಪರದೆಯ ಮೇಲೆ ಅವು ಚುಕ್ಕೆಗಳ ವೃತ್ತದೊಡನೆ ಕಾಣಿಸಬಹುದು, ಗಾಬರಿಪಡಬೇಕಾದುದಿಲ್ಲ. ಏಕಾರ ಅಲ್ಲಿ ಇಲ್ಲವಾದುದರಿಂದ ಕೊಟ್ಟೂರೇಶ್ವರ ಹೊರಗುಳಿಯುತ್ತಾನೆ, ಊರು ಉಳಿಯುತ್ತದೆ.

ಹಗರಿಬೊಮ್ಮನಹಳ್ಳಿಯಷ್ಟು ರೂಪಗಳಿರುವ ಹೆಸರು ಈ ಭಾಗದಲ್ಲಿ ಬೇರೊಂದಿಲ್ಲ. ಪೂರ್ಣ ಹೆಸರನ್ನು ಕೂಡಿಸಿಯೂ ಬಿಡಿಸಿಯೂ ಬರೆಯುತ್ತಾರೆ, ‘ಹ.ಬೊ.ಹಳ್ಳಿ’ ಎಂದು ಕನ್ನಡದಲ್ಲಿ ಚುಟುಕಾಗಿಸುವವರು ಕೆಲವರು, ‘ಎಚ್.ಬಿ.ಹಳ್ಳಿ’ ಎಂದೋ ‘ಹೆಚ್.ಬಿ.ಹಳ್ಳಿ’ ಎಂದೋ ಇಂಗ್ಲಿಷ್ ಅಕ್ಷರಗಳ ಉಚ್ಚಾರ ಬರೆಯುವವರು ಬಹಳ ಮಂದಿ; ಚುಕ್ಕೆ ಹಾಕುವವರು, ಜಾಗ ಬಿಡುವವರು, ಎರಡನ್ನೂ ಮಾಡದವರು ಇದ್ದೇ ಇದ್ದಾರೆ. ಎಚ್ ಸರಿಯೋ ಹೆಚ್ ಸರಿಯೋ ಎಂಬ ವಾದ ಸುಲಭಕ್ಕೆ ಮುಗಿಯುವಂಥದಲ್ಲ. ಹುಡುಕುವವರು ಆ ಮೊದಲಕ್ಷರವನ್ನೇ ಬಿಟ್ಟುಬಿಟ್ಟರೆ ವಾದದ ಅಗತ್ಯವಿಲ್ಲ:

ಗ್ರೆಪ್ 'ಚ್[. ]*ಬಿ[. ]*ಹಳ್ಳಿ' ಗಿರಾಕಿಗಳು

ಕಂಸದೊಳಗೆ ಚುಕ್ಕೆ ಮತ್ತು ಖಾಲಿ ಜಾಗ ಎರಡಿವೆ. ಕಂಸದ ಒಳಗೆ ಬಂದ ಚುಕ್ಕೆಗೆ ಚುಕ್ಕೆಯೆಂದೇ ಅರ್ಥ. ಪೂರ್ಣ ರೂಪಕ್ಕೆ 'ಹಗರಿ *ಬೊಮ್ಮನಹಳ್ಳಿ' ಎಂದು, ನಡುವೆ ಜಾಗ ಇರಲಿ ಬಿಡಲಿ ಎಂಬಂತೆ ಬರೆಯಬೇಕು. ‘ಹಗರಿ’ಯನ್ನು ಬಿಟ್ಟು ‘ಬೊಮ್ಮನಹಳ್ಳಿ’ ಎಂದಷ್ಟೇ ಹುಡುಕಿದರೆ ಬೆಂಗಳೂರಿನ ಬೊಮ್ಮನಹಳ್ಳಿಯ ವಿಳಾಸಗಳೂ ಬರುತ್ತವೆ.

ಇಂಗ್ಲಿಷಿನಲ್ಲಿ ಇರಿಸಿದ ಕಡತಗಳಿಗೂ ಇದೇ ವಿಧಾನ. ಬಳ್ಳಾರಿಯ ಹಳೆಯ ಮತ್ತು ಹೊಸ ಕಾಗುಣಿತಗಳ ನಡುವೆ ಎರಡೇ ಅಕ್ಷರಗಳ ವ್ಯತ್ಯಾಸವಿದೆ: ಎರಡನೆಯ ಸ್ಥಾನದಲ್ಲಿ ಇ ಅಥವಾ ಎ, ಕೊನೆಯಲ್ಲಿ ವೈ ಅಥವಾ ಐ. ಆ ಎರಡು ಸ್ಥಾನಗಳಿಗೆ ಎರಡು ಚೌಕ ಕಂಸ ಹಾಕಿದರೆ 2014ರ ಹಿಂದಿನದೂ ಮುಂದಿನದೂ ಒಟ್ಟಿಗೆ ಬರುತ್ತವೆ.

ಜಿಲ್ಲೆ ಬದಲಾದರೂ ಬದಲಾಗದ ಸಂಖ್ಯೆ

ಹೆಸರುಗಳಿಗಿಂತ ಅಂಚೆಯ ಪಿನ್ ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ. ಹರಪನಹಳ್ಳಿಯ 583131 ಎಂಬ ಸಂಖ್ಯೆಯು ಊರು ದಾವಣಗೆರೆ ಜಿಲ್ಲೆಯಲ್ಲಿದ್ದ ಎರಡು ದಶಕಗಳಲ್ಲಿಯೂ 583131 ಆಗಿಯೇ ಇತ್ತು. ಕೊಟ್ಟೂರು 583134, ಕೂಡ್ಲಿಗಿ 583135, ಹಗರಿಬೊಮ್ಮನಹಳ್ಳಿ 583212, ಹಡಗಲಿ 583219. ಐದನ್ನೂ ಒಮ್ಮೆಗೇ ಕೇಳಲು ಹೈಫನ್‌ನ ನಂತರ ದೊಡ್ಡಕ್ಷರದ ಇ ಮತ್ತು ಸಣ್ಣಕ್ಷರದ ಡಬ್ಲ್ಯೂ ಸೇರಿಸಿ, ಮಾದರಿಯನ್ನು ಹೀಗೆ ಬರೆಯಬೇಕು:

'583 *(131|134|135|212|219)'

ನಿಲುಗೆರೆಗೆ ‘ಅಥವಾ’ ಎಂದರ್ಥ. ಅದಕ್ಕೆ ಆ ಅರ್ಥ ಬರುವಂತೆ ಮಾಡುವುದು ದೊಡ್ಡಕ್ಷರದ ಇ. ಡಬ್ಲ್ಯೂ ಇಲ್ಲದಿದ್ದರೆ ದೂರವಾಣಿ ಸಂಖ್ಯೆಯ ನಡುವೆ ಇದೇ ಅಂಕಿಗಳು ಬಂದಾಗಲೂ ಸಾಲು ಸಿಕ್ಕಿಬಿಡುತ್ತದೆ. ‘583’ ಎಂದಷ್ಟೇ ಹುಡುಕುವುದು ತರವಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆ, ಕೊಪ್ಪಳಗಳ ಸಂಖ್ಯೆಗಳೂ ಹಾಗೆಯೇ ಆರಂಭವಾಗುತ್ತವೆ. ಇವು ಪಟ್ಟಣಗಳ ಸಂಖ್ಯೆಗಳೆಂಬುದನ್ನೂ ಮರೆಯಬಾರದು. ತಾಲ್ಲೂಕಿನ ಕೆಲವು ಹಳ್ಳಿಗಳ ಅಂಚೆ ಕಚೇರಿಗಳಿಗೆ ಬೇರೆ ಸಂಖ್ಯೆಗಳಿವೆ. ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ೫೮೩೧೩೧ ಎಂದು ಬರೆದಿದ್ದರೆ ಅದು ಗ್ರೆಪ್‌ಗೆ ಬೇರೆಯೇ ಸಂಗತಿ. ಅಂಥ ಕಡತಗಳಿಗೆ '[5೫][8೮][3೩]' ಎಂದು ಎರಡೂ ಅಂಕಿಗಳನ್ನು ಕಂಸದಲ್ಲಿ ಕೊಡಬೇಕಾಗುತ್ತದೆ.

ಏನೂ ಸಿಗದಿದ್ದಾಗ

ಗ್ರೆಪ್‌ಗೆ ಏನೂ ಸಿಗದಿದ್ದರೆ ಅದು ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಹೆಸರು ನಿಜವಾಗಿ ಇಲ್ಲದಿರುವುದಕ್ಕೂ, ಇದ್ದೂ ಕಾಣದಿರುವುದಕ್ಕೂ ಈ ಮೌನ ಒಂದೇ. ಕನ್ನಡ ಕಡತಗಳಲ್ಲಿ ಎರಡನೆಯ ಬಗೆಯೇ ಹೆಚ್ಚು.

ಇದಕ್ಕೆ ದೊಡ್ಡ ಕಾರಣ ಹಳೆಯ ಸಂಕೇತ ವಿಧಾನ. ‘ನುಡಿ’, ‘ಬರಹ’ ತಂತ್ರಾಂಶಗಳ ಯುನಿಕೋಡೇತರ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತವು ತೆರೆದಾಗ ಕನ್ನಡವಾಗಿ ಕಾಣುವುದಾದರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು; ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಅಕ್ಷರಶೈಲಿ. 2000ರ ದಶಕದಲ್ಲಿ ಬೆರಳಚ್ಚಾದ ಅದೆಷ್ಟೋ ಗಿರಾಕಿ ಪಟ್ಟಿಗಳು, ಸದಸ್ಯರ ಪಟ್ಟಿಗಳು ಹೀಗೆಯೇ ಇವೆ. ಅಂಥ ಕಡತದಲ್ಲಿ ಯುನಿಕೋಡ್ ‘ಹಡಗಲಿ’ಯನ್ನು ಹುಡುಕಿದರೆ ಸಾವಿರ ಸಲ ಅದು ಬರೆದಿದ್ದರೂ ಒಂದು ಸಾಲೂ ಸಿಗದು. ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಂದುಕೊಳ್ಳದೆ ಬೇರೆ ದಾರಿಯಿಲ್ಲ.

ಎಕ್ಸೆಲ್ ಕಡತಗಳದು ಇನ್ನೊಂದು ಕಥೆ. ಅವು ಪಠ್ಯ ಕಡತಗಳಲ್ಲ, ಒತ್ತಿ ಕಟ್ಟಿದ ಗಂಟುಗಳು. ಗ್ರೆಪ್ ಅವುಗಳೊಳಗೆ ಇಣುಕಲಾರದು. ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯನ್ನೇ ಆರಿಸಿ ಉಳಿಸಿಕೊಳ್ಳಬೇಕು. ಬರಿಯ ‘ಸಿಎಸ್‌ವಿ’ ಎಂಬುದನ್ನು ಆರಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ, ಮತ್ತೆ ಬಾರವು. ಮೂಲ ಕಡತವನ್ನು ಹಾಗೆಯೇ ಕಾದಿರಿಸಿಕೊಂಡು ಮುಂದುವರಿಯಬೇಕು.

ಇನ್ನು ಕಣ್ಣಿಗೆ ಕಾಣದ ಕಾರಣಗಳು. ಒತ್ತಕ್ಷರವಾಗದಂತೆ ತಡೆಯಲು ಹಾಕುವ ಅಗೋಚರ ಸಂಕೇತವೊಂದಿದೆ. ಅದು ಹೆಸರಿನ ನಡುವೆ ಸೇರಿಕೊಂಡರೆ ಮಾದರಿ ಹೊಂದುವುದಿಲ್ಲ. ‘ಕೊ’ ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರ ಎಂದು ಎರಡು ಸಂಕೇತಗಳಾಗಿಯೂ ಇರಿಸಲು ಯುನಿಕೋಡ್‌ನಲ್ಲಿ ಅವಕಾಶವಿದೆ. ಎರಡೂ ಒಂದೇ ರೀತಿ ಕಾಣುತ್ತವೆ, ಗ್ರೆಪ್‌ಗೆ ಮಾತ್ರ ಬೇರೆ ಬೇರೆ. ಕೊಟ್ಟೂರು ಕಾರಣವಿಲ್ಲದೆ ಕಾಣೆಯಾದರೆ ‘ಟ್ಟೂರ’ ಎಂದು ಹುಡುಕಿ ನೋಡುವುದುಂಟು.

ಆದುದರಿಂದ ಯಾವುದೇ ಹೊಸ ಕಡತದಲ್ಲಿ ಮೊದಲು ಹುಡುಕಬೇಕಾದುದು, ಅದರಲ್ಲಿ ಇದೆಯೆಂದು ಖಚಿತವಾಗಿ ಗೊತ್ತಿರುವ ಒಂದು ಹೆಸರನ್ನು. ಅದು ಸಿಗದಿದ್ದರೆ ಉಳಿದ ಶೋಧಗಳ ಮೌನಕ್ಕೆ ಬೆಲೆಯಿಲ್ಲ.

ಬಲೆಗೆ ಬೀಳದವರನ್ನು ನೋಡುವುದು

ಗ್ರೆಪ್‌ನ ಆಯ್ಕೆಗಳಲ್ಲಿ ವರ್ತಕರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದು ವಿ. ಅದನ್ನು ಸೇರಿಸಿದರೆ ಹೊಂದಿದ ಸಾಲುಗಳ ಬದಲು ಹೊಂದದ ಸಾಲುಗಳು ಬರುತ್ತವೆ. ಮೇಲಿನ ಮಾದರಿಗಳನ್ನೆಲ್ಲ ಸಾಲಿಗೊಂದರಂತೆ ‘ಮಾದರಿ’ ಎಂಬ ಕಡತದಲ್ಲಿ ಬರೆದಿಟ್ಟು, ಎಫ್ ಎಂಬ ಆಯ್ಕೆಯ ಮುಂದೆ ಅದರ ಹೆಸರು ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಹುಡುಕುತ್ತದೆ. ಪಿನ್ ಸಂಖ್ಯೆಗಳನ್ನು ಅದರಲ್ಲಿ ಕಂಸ, ನಿಲುಗೆರೆಗಳಿಲ್ಲದೆ ಒಂದೊಂದಾಗಿ ಬರೆದರೆ ಸಾಕು. ವಿ ಮತ್ತು ಎಫ್ ಎರಡನ್ನೂ ಸೇರಿಸಿದರೆ, ಐದು ಊರುಗಳ ಯಾವ ರೂಪಕ್ಕೂ ಹೊಂದದ ವಿಳಾಸಗಳು ಮಾತ್ರ ಉಳಿಯುತ್ತವೆ. ಹತ್ತು ಸಾವಿರ ಸಾಲುಗಳಲ್ಲಿ ಹೀಗೆ ಉಳಿಯುವುದು ಇನ್ನೂರೋ ಮುನ್ನೂರೋ ಆದರೆ ಅವನ್ನು ಕಣ್ಣಿನಿಂದ ಓದುವುದು ಒಂದು ಮಧ್ಯಾಹ್ನದ ಕೆಲಸ. ನಿಜವಾಗಿ ಪರಊರಿನವರು ಯಾರು, ಯಾರೂ ಊಹಿಸದ ಕಾಗುಣಿತದಲ್ಲಿ ಅಡಗಿ ಕುಳಿತ ಸ್ಥಳೀಯರು ಯಾರು ಎಂಬುದು ಆಗ ತಿಳಿಯುತ್ತದೆ. ಸಿಕ್ಕ ಹೊಸ ಕಾಗುಣಿತವನ್ನು ‘ಮಾದರಿ’ ಕಡತಕ್ಕೆ ಸೇರಿಸಿಕೊಂಡರೆ ಮುಂದಿನ ವರ್ಷ ಆ ಶ್ರಮವಿಲ್ಲ. ಆ ಕಡತದಲ್ಲಿ ಒಂದೇ ಒಂದು ಖಾಲಿ ಸಾಲು ಉಳಿದರೂ ಅದು ಎಲ್ಲ ಸಾಲುಗಳಿಗೂ ಹೊಂದಿ ಶೋಧವನ್ನೇ ಕೆಡಿಸುತ್ತದೆಂಬ ಎಚ್ಚರ ಬೇಕು. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದ ಮಾದರಿ ಕಡತವನ್ನು ಲಿನಕ್ಸ್‌ನಲ್ಲಿ ಬಳಸುವಾಗ ಸಾಲಿನ ತುದಿಯ ಅಗೋಚರ ಸಂಕೇತದಿಂದಾಗಿ ಏನೂ ಸಿಗದಿರುವುದೂ ಉಂಟು.

ಇದೇ ‘ಹೊಂದದವರ ಪಟ್ಟಿ’ಯು ಸರಕು ಮತ್ತು ಸೇವಾ ತೆರಿಗೆಯ ಲೆಕ್ಕದಲ್ಲಿ ಹಣ ಉಳಿಸಬಲ್ಲದು. 2022ರ ಜನವರಿ 1ರಿಂದ, ಪೂರೈಕೆದಾರರು ಸಲ್ಲಿಸಿದ ಇನ್‌ವಾಯ್ಸ್ ವಿವರವು ಖರೀದಿದಾರರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸದಿದ್ದರೆ ಅದರ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಮಾರಾಟಗಾರರು ಗಿರಾಕಿಯ ನೋಂದಣಿ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದರೆ ಜಮೆಯನ್ನು ಕಳೆದುಕೊಳ್ಳುವವರು ಗಿರಾಕಿ. ಈ ಸಂಖ್ಯೆಯ 15 ಸ್ಥಾನಗಳಿಗೆ ಗೊತ್ತಾದ ವಿನ್ಯಾಸವಿದೆ: ಕರ್ನಾಟಕದ ನೋಂದಣಿಗೆ ಮೊದಲು 29, ಆಮೇಲೆ ಪ್ಯಾನ್‌ನ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ, ಅದರ ಮುಂದೆ ಒಂದು ಅಂಕಿ ಅಥವಾ ಅಕ್ಷರ, ಸಾಮಾನ್ಯವಾಗಿ ಝಡ್, ಕೊನೆಯಲ್ಲಿ ತಾಳೆಯ ಸಂಕೇತ. ಇದನ್ನೇ ಕಂಸಗಳ ಮಾದರಿಯಾಗಿ ಬರೆದು ವಿ ಸೇರಿಸಿದರೆ, ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬಿದ್ದಿರುವ, ಒಂದು ಅಂಕಿ ಬಿಟ್ಟುಹೋಗಿರುವ ಸಾಲುಗಳು ರಿಟರ್ನ್ ಸಲ್ಲಿಸುವ ಮುನ್ನವೇ ಎದುರಿಗೆ ಬರುತ್ತವೆ. ಆಂಧ್ರಪ್ರದೇಶದ ಗಿರಾಕಿಗಳದು 37ರಿಂದ ಆರಂಭವಾಗುವುದರಿಂದ ಅವೂ ಆ ಪಟ್ಟಿಯಲ್ಲಿ ಸೇರಿರುತ್ತವೆ, ಅವು ತಪ್ಪುಗಳಲ್ಲ. ವಿನ್ಯಾಸ ಸರಿಯಿದ್ದ ಮಾತ್ರಕ್ಕೆ ಸಂಖ್ಯೆ ಆ ಗಿರಾಕಿಯದೇ ಎಂದೂ ಆಗುವುದಿಲ್ಲ. ಅದನ್ನು ಜಾಲತಾಣದಲ್ಲಿಯೇ ತಾಳೆ ನೋಡಬೇಕು.

ದೊರೆತ ಸಾಲುಗಳನ್ನು ಬೇರೆ ಕಡತವಾಗಿ ಉಳಿಸಿಕೊಳ್ಳಲು ಆಜ್ಞೆಯ ಕೊನೆಗೆ > ಚಿಹ್ನೆ ಹಾಕಿ ಹೊಸ ಕಡತದ ಹೆಸರು ಬರೆಯಬೇಕು:

ಗ್ರೆಪ್ 'ಹರ್*ಪನಹ' ಗಿರಾಕಿಗಳು > ಹರಪನಹಳ್ಳಿ_ಬಾಕಿ

ಇಡೀ ವಿಧಾನದಲ್ಲಿ ಅಪಾಯವಿರುವುದು ಈ ಒಂದು ಚಿಹ್ನೆಯಲ್ಲಿ. ಅದರ ಮುಂದೆ ಮರೆತು ‘ಗಿರಾಕಿಗಳು’ ಎಂದೇ ಬರೆದರೆ ಗ್ರೆಪ್ ಕೆಲಸ ಆರಂಭಿಸುವ ಮೊದಲೇ ಮೂಲ ಕಡತ ಖಾಲಿಯಾಗುತ್ತದೆ. ತೆರಿಗೆ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾದಿರಿಸಬೇಕಾಗಿರುವುದರಿಂದ, ಶೋಧಕ್ಕೆ ಯಾವಾಗಲೂ ಒಂದು ಪ್ರತಿಯನ್ನು ತೆಗೆದು ಅದರ ಮೇಲೆಯೇ ಕೆಲಸ ನಡೆಸುವುದು ಅಂಗಡಿಯ ರೂಢಿಯಾಗಬೇಕು.